ಒಡೆತನಕ್ಕೂ ಕಲಿಕೆ ಬೇಕು

ಕಾಮಸೂತ್ರದ ಎರಡನೆಯ ಅಧಿಕರಣದಲ್ಲಿ ನಮ್ಮ ಸೀಮೆಯ ಒಬ್ಬ ರಾಣಿಯ ಸಾವಿನ ಪ್ರಸ್ತಾಪವಿದೆ. ಕುಂತಲದ ಶಾತಕರ್ಣಿ ಶಾತವಾಹನ ತನ್ನ ರಾಣಿ ಮಲಯವತಿಯನ್ನು ಪ್ರಣಯದ ಆವೇಗದಲ್ಲಿ ‘ಕರ್ತರಿ’ ಎಂಬ ಏಟಿನಿಂದ ಕೊಂದನಂತೆ. ಅದರ ಜೊತೆಗೇ ಇನ್ನೆರಡು ಪ್ರಕರಣಗಳಿವೆ. ಚೋಳ ದೊರೆಯೊಬ್ಬನ ಏಟಿಗೆ ಚಿತ್ರಸೇನೆಯೆಂಬ ಗಣಿಕೆ ಸತ್ತಳು; ಪಾಂಡ್ಯರ ಸೇನಾಪತಿ ನರದೇವನ ಕೈತಪ್ಪಿದ ಏಟಿಗೆ ನಟಿಯೊಬ್ಬಳು ಒಂದು ಕಣ್ಣು ಕಳೆದುಕೊಂಡಳು. ಇಂಥ ಏಟುಗಳು ದಕ್ಷಿಣದವರ ರೂಢಿ, ಕ್ರೂರವಾದವು, ಯಾರೂ ಅನುಸರಿಸತಕ್ಕವಲ್ಲ ಎಂದು ವಾತ್ಸ್ಯಾಯನ ಖಡಾಖಂಡಿತವಾಗಿ ಹೇಳುತ್ತಾನೆ. ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ನಾಗಾಲೋಟದಲ್ಲಿರುವ ಕುದುರೆಗೆ ದಾರಿಯ ಗುಂಡಿ ಕಾಣದು, ಆವೇಗದಲ್ಲಿರುವ ಪ್ರಣಯಿಗೂ ಹಾಗೆಯೇ. ಆದ್ದರಿಂದ ಹೆಣ್ಣಿನ ಮೃದುತ್ವವನ್ನೂ ತಾಳಿಕೆಯನ್ನೂ ತನ್ನ ತೋಳಿನ ಬಲವನ್ನೂ ಅರಿತವನು ಮಾತ್ರ ಮುಂದುವರಿಯಬೇಕು ಎನ್ನುತ್ತಾನೆ.

ಮಲಯವತಿಗೆ ಏನು ಗೊತ್ತಿರಬೇಕಿತ್ತು ಎಂದು ವಾತ್ಸ್ಯಾಯನ ಕೇಳಲಿಲ್ಲ. ಏಟು ಕೊಡುವ ಕೈಗೆ ಏನು ಗೊತ್ತಿರಬೇಕಿತ್ತು ಎಂದು ಕೇಳಿದ. ನನ್ನ ಈ ಬರಹ ಆ ಪ್ರಶ್ನೆಯದೇ ಮುಂದುವರಿಕೆ.

ನಾನು ಕುಂದಗೋಳದವಳು. ಮದುವೆಯಾಗಿ ಮುಂಬಯಿಗೆ ಬಂದು, ಮಲಾಡ್ ಪೂರ್ವದಲ್ಲಿ ನೆಲೆಸಿ, ಈಗ ಇಲ್ಲಿಯೇ ಕುಟುಂಬ ಸಲಹೆಗಾರ್ತಿಯಾಗಿ ಕೆಲಸ ಮಾಡುತ್ತಿದ್ದೇನೆ. ದಫ್ತರಿ ರೋಡಿನ ಒಳಗಲ್ಲಿಯಲ್ಲಿ, ಉಡುಪಿಯವರೊಬ್ಬರ ಹೋಟೆಲಿನ ಮಾಳಿಗೆಯಲ್ಲಿ ಒಂದು ಕೋಣೆ. ಎರಡು ಕುರ್ಚಿ, ಒಂದು ಚಾಪೆ, ಕೆಳಗಿನಿಂದ ಸಾಂಬಾರಿನ ವಾಸನೆ. ಬರುವವರಲ್ಲಿ ಕುರಾರ್ ಗಾವದ ಚಾಳಿನವರಿದ್ದಾರೆ, ಮೈಂಡ್‌ಸ್ಪೇಸಿನ ಐಟಿ ಕಚೇರಿಗಳಲ್ಲಿ ರಾತ್ರಿ ಪಾಳಿ ಮಾಡುವವರೂ ಇದ್ದಾರೆ. ಕನ್ನಡದಲ್ಲಿ ಹೇಳಿಕೊಂಡರೆ ಎದೆ ಹಗುರಾಗುತ್ತದೆ ಎಂದು ವಸಯಿಯಿಂದ ರೈಲು ಹಿಡಿದು ಬರುವವರೂ ಇದ್ದಾರೆ.

ಹಾಗೆ ಬಂದವರಲ್ಲಿ ಹುಬ್ಬಳ್ಳಿ ಕಡೆಯ ಒಂದು ಎಳೆಯ ಜೋಡಿ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಗುರುತು ಸಿಗುವಂಥದ್ದನ್ನೆಲ್ಲ ಬಿಟ್ಟಿದ್ದೇನೆ. ಮದುವೆಗೆ ಮುಂಚೆಯೇ ಇಬ್ಬರೂ ಮಾತಾಡಿ ಒಂದು ಒಪ್ಪಂದಕ್ಕೆ ಬಂದಿದ್ದರು: ಮನೆಯೊಳಗೆ, ಹಾಸಿಗೆಯಲ್ಲೂ ದಿನಚರಿಯಲ್ಲೂ, ಅವನದು ಒಡೆತನ, ಅವಳದು ಅಧೀನತೆ. ಅವಳೇ ಬಯಸಿದ್ದು. ‘ನನಗ ಯಾರೂ ಒತ್ತಾಯ ಮಾಡಿಲ್ಲರೀ ಅಕ್ಕಾರ, ಆಫೀಸಿನ್ಯಾಗ ಇಪ್ಪತ್ತು ಮಂದಿಗೆ ನಾನ ಹುಕುಂ ಕೊಡತೀನಿ. ಮನಿಗೆ ಬಂದಮ್ಯಾಲೆ ಆ ಭಾರ ಇಳಿಸಿ ಇವರ ಕೈಯಾಗ ಕೊಡೋದು ನನಗ ಸುಖ’ ಎಂದಳು. ಬಂದದ್ದು ಅದಕ್ಕಾಗಿ ಅಲ್ಲ. ಇತ್ತೀಚೆಗೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

ಚೀಲದಿಂದ ಒಂದು ನೋಟುಬುಕ್ಕು ತೆಗೆದು ನನ್ನ ಮುಂದಿಟ್ಟರು. ನೀಲಿ ರಟ್ಟಿನ ಉದ್ದನೆಯ ಪುಸ್ತಕ, ಕಿರಾಣಿ ಅಂಗಡಿಯವರು ಲೆಕ್ಕ ಬರೆಯುವಂಥದ್ದು. ಮೇಲೆ ಅವಳ ದುಂಡು ಅಕ್ಷರದಲ್ಲಿ ‘ತರಬೇತಿ’ ಎಂದಿತ್ತು. ಒಳಗೆ ಅವಳು ಕಲಿಯಬೇಕಾದದ್ದೆಲ್ಲ ಕ್ರಮವಾಗಿ ಇತ್ತು: ಏಳುವ ಹೊತ್ತು, ನಿಲ್ಲುವ ರೀತಿ, ಕೇಳದೆ ಮಾಡಬಾರದ ಕೆಲಸಗಳು, ತಪ್ಪಿಗೆ ಶಿಕ್ಷೆ, ವಾರದ ಕೊನೆಗೆ ಒಪ್ಪಿಸಬೇಕಾದ ವರದಿ. ಕೆಂಪು ಪೆನ್ನಿನಲ್ಲಿ ಅವನ ಟಿಪ್ಪಣಿಗಳು. ಪುಸ್ತಕದ ನಡುವೆ ಒಂದು ಹಾಳೆಯ ತಲೆಯಲ್ಲಿ ‘ಅವರದು’ ಎಂದು ಬರೆದು ಅಡಿಗೆರೆ ಎಳೆದಿತ್ತು. ಕೆಳಗೆ ಏನೂ ಇರಲಿಲ್ಲ. ಮುಂದಿನ ಹಾಳೆಯಲ್ಲಿ ಮತ್ತೆ ಅವಳ ಪಾಠಗಳು ಶುರುವಾಗಿದ್ದವು.

‘ನಿಲ್ಲಿಸು ಅನ್ನಬೇಕಾದಾಗ ಹೇಳೋ ಮಾತು ಏನಿಟ್ಟುಕೊಂಡೀರಿ?’ ಎಂದು ಕೇಳಿದೆ. ಇಂಥ ಸಂಬಂಧಗಳಲ್ಲಿರುವವರು ಅದನ್ನು ಸೇಫ್ ವರ್ಡ್ ಎನ್ನುತ್ತಾರೆ. ಆಟದ ನಡುವೆ ‘ಬೇಡ, ಬೇಡ’ ಎನ್ನುವುದೂ ಆಟದ ಭಾಗವೇ ಆಗಿರಬಹುದಾದ್ದರಿಂದ ಅದಕ್ಕೆ ಸಂಬಂಧವೇ ಇಲ್ಲದ ಒಂದು ಪದವನ್ನು ಮೊದಲೇ ಗೊತ್ತುಮಾಡಿರುತ್ತಾರೆ. ‘ಬೋರಿವಲಿ’ ಎಂದರು ಇಬ್ಬರೂ ಒಟ್ಟಿಗೆ.

‘ಒಮ್ಮೆಯಾದರೂ ಹೇಳಿ ನೋಡಿಯೇನವಾ?’

‘ಇಲ್ಲರೀ. ಹೇಳಿದ್ರ ಇವರಿಗೆ ಬ್ಯಾಸರ ಆಗತದ.’

ಅವಳ ನಿದ್ದೆಗೇಡಿನ ಕಾರಣ ಆ ಒಂದು ಮಾತಿನಲ್ಲಿತ್ತು. ಬಾಗಿಲು ಇತ್ತು, ಆದರೆ ತೆರೆದು ನೋಡಿರಲಿಲ್ಲ. ಗಂಡ ಕೆಟ್ಟವನಲ್ಲ, ಆ ಮಾತು ಕೇಳಿ ಅವನ ಮುಖ ಕಪ್ಪಿಟ್ಟಿತು. ಹೆಂಡತಿಗೆ ತಲೆಬಾಗುವುದನ್ನು ಕಲಿಸುತ್ತಿದ್ದ. ಬಾಗಿದ ತಲೆಯ ಜವಾಬ್ದಾರಿ ಹೊರುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ನಾನು ಹೇಳಬೇಕಾದದ್ದು ಇಷ್ಟು: ಒಪ್ಪಿಗೆಯ ಅಧೀನತೆಯಲ್ಲಿ ಮೊದಲ ತರಬೇತಿ ಸಲ್ಲಬೇಕಾದದ್ದು ಆಳುವವರಿಗೆ. ಒಪ್ಪಿಸಿಕೊಂಡವರು ಮೊದಲು ಕಲಿಯಬೇಕಾದ ಪಾಠ ‘ಆಗಲಿ’ ಎನ್ನುವುದಲ್ಲ, ‘ಒಲ್ಲೆ’ ಎನ್ನುವುದು. ಈ ಕ್ರಮ ತಲೆಕೆಳಗಾದರೆ, ಎಷ್ಟೇ ಪ್ರೀತಿಯಿದ್ದರೂ ಅದು ನಿಧಾನವಾಗಿ ದಬ್ಬಾಳಿಕೆಯ ಕಡೆಗೆ ಜಾರುತ್ತದೆ.

ಇದು ಪಶ್ಚಿಮದಿಂದ ಬಂದ ಹುಚ್ಚು, ನಮ್ಮ ಧರ್ಮಕ್ಕೂ ಇದಕ್ಕೂ ಏನು ಸಂಬಂಧ ಎನ್ನುವವರಿದ್ದಾರೆ. ನನಗಂತೂ ಇದು ನೇರವಾಗಿ ಧರ್ಮದ ಪ್ರಶ್ನೆ. ತನ್ನ ಇಚ್ಛೆಯನ್ನು ಇನ್ನೊಬ್ಬರ ಪಾದದಲ್ಲಿಡುವುದರ ಬಗ್ಗೆ ನಮ್ಮಷ್ಟು ಯೋಚಿಸಿದ ನಾಡು ಕಡಿಮೆ. ಹರಿದಾಸರು ದಾಸದೀಕ್ಷೆ ಪಡೆದು, ಅಂಕಿತ ಹೊತ್ತು, ಒಡೆಯನ ಹೆಸರಿನಲ್ಲಿಯೇ ಹಾಡಿದರು. ಶರಣರು ತಮ್ಮನ್ನು ಸತಿಯೆಂದೂ ಲಿಂಗವನ್ನು ಪತಿಯೆಂದೂ ಭಾವಿಸಿದರು. ಇವರ ಅಧೀನತೆಯಲ್ಲಿ ಕುಗ್ಗಿದ ಮನುಷ್ಯರು ಕಾಣುವುದಿಲ್ಲ, ಬೆನ್ನೆಲುಬು ನೆಟ್ಟಗಿದ್ದವರು ಕಾಣುತ್ತಾರೆ. ಅದು ಹೇಗೆ ಸಾಧ್ಯವಾಯಿತು?

ಭಗವದ್ಗೀತೆಯನ್ನೇ ನೋಡಿ. ಎರಡನೆಯ ಅಧ್ಯಾಯದಲ್ಲಿಯೇ ಅರ್ಜುನ ತಾನು ಶಿಷ್ಯ, ಶರಣು ಬಂದಿದ್ದೇನೆ, ದಾರಿ ತೋರು ಎನ್ನುತ್ತಾನೆ. ಕೃಷ್ಣ ‘ಸರಿ, ಬಿಲ್ಲೆತ್ತು’ ಎಂದು ಒಂದು ಆಜ್ಞೆಯಲ್ಲಿ ಮುಗಿಸಬಹುದಿತ್ತು. ಮುಗಿಸಲಿಲ್ಲ. ಅರ್ಜುನ ಕೇಳುತ್ತಲೇ ಹೋಗುತ್ತಾನೆ, ಮಾತುಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ, ನನ್ನ ಬುದ್ಧಿಯನ್ನು ಗೊಂದಲಕ್ಕೆ ಕೆಡವುತ್ತಿದ್ದೀಯೆ ಎಂದು ಆಕ್ಷೇಪಿಸುತ್ತಾನೆ. ಹದಿನೆಂಟನೆಯ ಅಧ್ಯಾಯದ 63ನೆಯ ಶ್ಲೋಕದಲ್ಲಿ ಕೃಷ್ಣ, ಎಲ್ಲವನ್ನೂ ಹೇಳಿದ್ದೇನೆ, ಪೂರ್ತಿಯಾಗಿ ವಿಮರ್ಶಿಸಿ ನಿನಗೆ ಬೇಕಾದಂತೆ ಮಾಡು ಎಂದು ಅವನಿಗೇ ಬಿಟ್ಟುಬಿಡುತ್ತಾನೆ. ನನ್ನೊಬ್ಬನನ್ನೇ ಶರಣು ಹೊಂದು ಎನ್ನುವ ಪ್ರಸಿದ್ಧ ಮಾತು ಬರುವುದು 66ರಲ್ಲಿ. ಪ್ರವಚನಗಳಲ್ಲಿ 66ನ್ನು ಎತ್ತಿ ಹೇಳುವವರು ಅದಕ್ಕೂ ಮೊದಲು 63 ಇದೆಯೆಂಬುದನ್ನು ಸಾಮಾನ್ಯವಾಗಿ ದಾಟಿಬಿಡುತ್ತಾರೆ. ಸ್ವಾತಂತ್ರ್ಯ ಕೊಟ್ಟ ಮೇಲೆಯೇ ಶರಣಾಗತಿ ಕೇಳಿದ್ದು. ಕೇಳಿದವನು ದೇವರಾದರೂ ಈ ಕ್ರಮ ತಪ್ಪಲಿಲ್ಲ.

ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ವಿದ್ಯೆ ಮುಗಿಸಿ ಹೊರಟ ಶಿಷ್ಯನಿಗೆ ಗುರು ಹೇಳುವ ಮಾತೂ ಇದೇ ಜಾತಿಯದು. ನಮ್ಮಲ್ಲಿ ಒಳ್ಳೆಯ ನಡತೆ ಯಾವುದಿದೆಯೋ ಅದನ್ನಷ್ಟೇ ಅನುಸರಿಸು, ಬೇರೆಯದನ್ನಲ್ಲ ಎನ್ನುತ್ತಾನೆ. ವರ್ಷಗಟ್ಟಲೆ ವಿಧೇಯತೆ ಪಡೆದವನು ಕೊನೆಗೆ ತನ್ನನ್ನೇ ತೂಗಿ ನೋಡುವ ತಕ್ಕಡಿಯನ್ನು ಶಿಷ್ಯನ ಕೈಗೆ ಕೊಡುತ್ತಾನೆ. ಗುರುವಿಗೂ ಇದು ಕಷ್ಟದ ಅಭ್ಯಾಸವೇ ಆಗಿದ್ದಿರಬೇಕು.

ಎಲ್ಲಕ್ಕಿಂತ ಹತ್ತಿರದ ನಿದರ್ಶನ ಅಕ್ಕಮಹಾದೇವಿಯದು. ಹರಿಹರನ ರಗಳೆಯಲ್ಲಿ ಉಡುತಡಿಯ ಅರಸ ಕೌಶಿಕ ಅವಳನ್ನು ಬಯಸಿದಾಗ ಅವಳು ಷರತ್ತುಗಳನ್ನು ಮುಂದಿಡುತ್ತಾಳೆ. ತನ್ನಿಚ್ಛೆಯಂತೆ ಶಿವಪೂಜೆಯಲ್ಲಿರುವುದು, ತನ್ನಿಚ್ಛೆಯಂತೆ ಶರಣರ ಸಂಗದಲ್ಲಿರುವುದು, ತನ್ನಿಚ್ಛೆಯಂತೆ ಗುರುಸೇವೆಯಲ್ಲಿರುವುದು; ಇದಕ್ಕೆ ಅಡ್ಡಬಂದರೆ ಮೂರು ತಪ್ಪಿನವರೆಗೆ ಸೈರಣೆ, ಆಮೇಲೆ ಸಂಬಂಧವಿಲ್ಲ. ಅರಸ ಒಪ್ಪಿ ಅರಮನೆಗೆ ಕರೆತಂದ. ಮಾತು ಮುರಿದ, ಮತ್ತೆ ಮುರಿದ. ಮೂರನೆಯದಾದ ಮೇಲೆ ಅವಳು ಅಳಲಿಲ್ಲ, ವಾದಿಸಲಿಲ್ಲ, ಹೊರಟುಬಿಟ್ಟಳು. ಒಪ್ಪಂದ, ಅದರ ಗಡಿ, ಗಡಿ ಮೀರಿದರೆ ಏನಾಗುತ್ತದೆ ಎಂಬ ಸ್ಪಷ್ಟತೆ, ಮೀರಿದಾಗ ಹೊರಡುವ ಧೈರ್ಯ: ಇವತ್ತಿನ ಜೋಡಿಗಳಿಗೆ ನಾನು ಹೇಳಿಕೊಡುವುದೆಲ್ಲ ಈ ಒಂದು ಕಥೆಯಲ್ಲಿದೆ. ಅಕ್ಕನಿಗೆ ಅಧೀನತೆ ಗೊತ್ತಿರಲಿಲ್ಲವೆಂದು ಯಾರೂ ಹೇಳಲಾರರು. ಚೆನ್ನಮಲ್ಲಿಕಾರ್ಜುನನಿಗೆ ಅವಳಂತೆ ತನ್ನನ್ನು ಕೊಟ್ಟುಕೊಂಡವರು ಯಾರಿದ್ದಾರೆ? ಹಾಗೆ ಕೊಟ್ಟುಕೊಳ್ಳಬಲ್ಲವಳಾದ್ದರಿಂದಲೇ ಯಾರಿಗೆ ಕೊಡಬಾರದು ಎಂಬುದೂ ಅವಳಿಗೆ ತಿಳಿದಿತ್ತು. ಕಲ್ಯಾಣಕ್ಕೆ ಬಂದಾಗ ಅಲ್ಲಮ ಅವಳನ್ನು ಸುಮ್ಮನೆ ಒಳಗೆ ಬಿಡಲಿಲ್ಲ. ಶೂನ್ಯಸಂಪಾದನೆಯ ಪ್ರಕಾರ ಕಟುವಾಗಿಯೇ ಪ್ರಶ್ನಿಸಿದ. ನಿಜವಾದ ಶರಣಾಗತಿ ಪ್ರಶ್ನೆಗೆ ಹೆದರುವುದಿಲ್ಲ.

ಆದರೂ ಭಕ್ತಿಯಿಂದ ಮನೆಗೆ ನೇರ ದಾರಿ ಹಾಕಲು ಬರುವುದಿಲ್ಲ. ಭಕ್ತನ ಒಡೆಯನಿಗೆ ಸಿಟ್ಟಿನ ಸಂಜೆಗಳಿಲ್ಲ, ಕುಡಿತವಿಲ್ಲ, ಆಫೀಸಿನ ಅವಮಾನವನ್ನು ಮನೆಯಲ್ಲಿ ತೀರಿಸಿಕೊಳ್ಳುವ ಚಟವಿಲ್ಲ. ಅವನಿಗೆ ಭಕ್ತನಿಂದ ಆಗಬೇಕಾದದ್ದೇ ಏನೂ ಇಲ್ಲ. ಮನುಷ್ಯ ಒಡೆಯನಿಗೆ ಇವೆಲ್ಲವೂ ಇವೆ. ದೇವರಿಗೆ ಒಪ್ಪಿಸಿದ್ದನ್ನು ಹಿಂತೆಗೆದುಕೊಳ್ಳುವ ಏರ್ಪಾಡು ಬೇಕಿಲ್ಲ; ಮನುಷ್ಯನಿಗೆ ಒಪ್ಪಿಸಿದ್ದನ್ನು ಯಾವ ಗಳಿಗೆಯಲ್ಲೂ ಹಿಂತೆಗೆದುಕೊಳ್ಳುವಂತಿರಬೇಕು. ‘ಪತಿಯೇ ದೇವರು’ ಎಂಬ ಉಪದೇಶದ ಅಪಾಯವೆಲ್ಲ ಈ ವ್ಯತ್ಯಾಸವನ್ನು ಅಳಿಸಿಹಾಕಿದ್ದರಲ್ಲಿದೆ.

ಆ ಉಪದೇಶದ ಫಲವನ್ನು ಇದೇ ಕೋಣೆಯಲ್ಲಿ ಕಾಣುತ್ತೇನೆ. ಕುರಾರಿನಿಂದ ಬರುವ, ಕಲಬುರಗಿ ಕಡೆಯ ಒಬ್ಬ ತಾಯಿ, ಮನೆಗೆಲಸ ಮಾಡಿ ಮೂರು ಮಕ್ಕಳನ್ನು ಓದಿಸುತ್ತಿರುವವಳು. ಅವಳಿಗೂ ತರಬೇತಿ ಆಗಿದೆ: ತಗ್ಗಿ ಬಗ್ಗಿ ನಡೆ, ಎದುರು ಮಾತಾಡಬೇಡ, ಹೊಡೆದರೆ ಹೊರಗೆ ಹೇಳಬೇಡ. ಲಂಗ ಉಡುವ ವಯಸ್ಸಿನಲ್ಲಿ ಶುರುವಾದ ಪಾಠ. ಒಪ್ಪಿಗೆಯ ಮಾತು ಎತ್ತಿದಾಗ ‘ನನಗ ಯಾರು ಕೇಳಿದ್ರ ಬಾಯಾರ?’ ಎಂದಳು. ಹುಬ್ಬಳ್ಳಿಯ ಹುಡುಗಿಯ ನೋಟುಬುಕ್ಕಿನಲ್ಲಿದ್ದ ಎಷ್ಟೋ ನಿಯಮಗಳು ಇವಳ ಮೈಯಲ್ಲಿ ಬರೆದಂತೆಯೇ ಇದ್ದವು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಒಂದನ್ನು ಒಬ್ಬಳು ಆರಿಸಿಕೊಂಡಿದ್ದಳು, ಇನ್ನೊಂದನ್ನು ಒಬ್ಬಳ ಮೇಲೆ ಹೇರಲಾಗಿತ್ತು. ಎರಡನ್ನೂ ಸಮ ಮಾಡಿ ಆರಿಸಿಕೊಂಡವಳನ್ನು ರೋಗಿಯೆನ್ನುವುದು ಅನ್ಯಾಯ. ಸಮ ಮಾಡಿ ಹೇರಿಸಿಕೊಂಡವಳನ್ನು ಸುಖಿಯೆನ್ನುವುದು ಅದಕ್ಕಿಂತ ದೊಡ್ಡ ಅನ್ಯಾಯ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇರುವುದು ಈ ತಾಯಿಯಂಥವರಿಗಾಗಿ. ಮೈಗಾದ ನೋವಷ್ಟೇ ಅಲ್ಲ, ಮಾತಿನ, ದುಡ್ಡಿನ ಹಿಂಸೆಯೂ ಅದರೊಳಗೆ ಬರುತ್ತದೆಂದು ಅವಳಿಗೆ ತಿಳಿಸಿದಾಗ ಅವಳು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

ಆರಿಸಿಕೊಂಡವರ ಪರವಾಗಿಯೂ ಈಗ ಒಂದಿಷ್ಟು ನೆಲ ಸಿದ್ಧವಾಗಿದೆ. 2015ರ ಆಗಸ್ಟಿನಲ್ಲಿ ನಮ್ಮ ಮಲಾಡಿನ ಮಢ್ ಮತ್ತು ಅಕ್ಸಾದ ಹೋಟೆಲುಗಳಿಗೆ ಪೊಲೀಸರು ನುಗ್ಗಿ ಸುಮಾರು 40 ಜೋಡಿಗಳನ್ನು ಠಾಣೆಗೆ ಎಳೆದೊಯ್ದರು. ಬಾಗಿಲು ಹಾಕಿದ ಕೋಣೆಯೊಳಗಿದ್ದ ವಯಸ್ಕರ ಮೇಲೆ ಸಾರ್ವಜನಿಕ ಅಸಭ್ಯ ವರ್ತನೆಯ ಆರೋಪ! ಮುಂಬಯಿಯಂಥ ಊರಲ್ಲಿ, ಒಂದೇ ಕೋಣೆಯಲ್ಲಿ ಮೂರು ತಲೆಮಾರು ಮಲಗುವಲ್ಲಿ, ಖಾಸಗಿತನವೆಂದರೆ ಏನೆಂದು ಆ ದಿನ ನಾವೆಲ್ಲ ಯೋಚಿಸಿದೆವು. ಎರಡು ವರ್ಷದ ಮೇಲೆ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ವಿಶ್ವ ಆರೋಗ್ಯ ಸಂಸ್ಥೆಯೂ 2022ರಿಂದ ಜಾರಿಯಾದ ತನ್ನ ರೋಗಗಳ ಪಟ್ಟಿಯಲ್ಲಿ, ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಒಡೆತನ-ಅಧೀನತೆಯ ನಡವಳಿಕೆಯನ್ನು ರೋಗವೆಂದು ಹೆಸರಿಸುವುದನ್ನು ಬಿಟ್ಟಿದೆ.

ಆದರೆ ಒಪ್ಪಿಗೆ ಎಲ್ಲಕ್ಕೂ ಪರವಾನಗಿಯಲ್ಲ. ಹೆದರಿಕೆಯಿಂದಲೋ ತಪ್ಪು ತಿಳಿವಳಿಕೆಯಿಂದಲೋ ಕೊಟ್ಟ ಒಪ್ಪಿಗೆ, ಒಪ್ಪಿಗೆಯೇ ಅಲ್ಲ ಎನ್ನುತ್ತದೆ ನಮ್ಮ ಕ್ರಿಮಿನಲ್ ಕಾನೂನು. ತೀವ್ರ ಗಾಯ ಮಾಡುವ ಉದ್ದೇಶವಿದ್ದರೆ ಇನ್ನೊಬ್ಬರ ಒಪ್ಪಿಗೆಯನ್ನು ಗುರಾಣಿಯಾಗಿ ಹಿಡಿಯಲೂ ಬರುವುದಿಲ್ಲ. 1983ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಇಂಥ ಸಂಬಂಧದವರೇ ತಮಗೊಂದು ಸೂತ್ರ ಹಾಕಿಕೊಂಡಿದ್ದರು: ಸುರಕ್ಷೆ, ಸ್ವಸ್ಥ ಬುದ್ಧಿ, ಒಪ್ಪಿಗೆ. ಮೂರರಲ್ಲಿ ಒಪ್ಪಿಗೆ ಒಂದು ಮಾತ್ರ. ಉಳಿದೆರಡು ಕಲಿತು ಬರಬೇಕಾದವು.

ಏನು ಕಲಿಯಬೇಕು? ಆ ಗಂಡನಿಗೆ ‘ಅವರದು’ ಎಂಬ ಖಾಲಿ ಹಾಳೆಯನ್ನು ತುಂಬಿಸಿಕೊಂಡು ಬಾ ಎಂದು ಕಳಿಸಿದೆ. ಅವನಿಗೆ ಹೊಳೆಯದ್ದನ್ನು ಮುಂದಿನ ಭೇಟಿಗಳಲ್ಲಿ ಮೂವರೂ ಕೂತು ಸೇರಿಸಿದೆವು. ಸಿಟ್ಟಿನಲ್ಲಿದ್ದಾಗ, ಕುಡಿದಾಗ, ನಿದ್ದೆಗೆಟ್ಟಾಗ ಆಜ್ಞೆಯೂ ಇಲ್ಲ, ಶಿಕ್ಷೆಯೂ ಇಲ್ಲ. ಅವಳು ಮಾತು ನಿಲ್ಲಿಸಿದರೆ ಅದನ್ನು ಸಮ್ಮತಿಯೆಂದು ತಿಳಿಯಬಾರದು, ಹೆದರಿದಾಗ ಮಾತೇ ಹೊರಡದಿರಬಹುದು. ಕೈ ಕಟ್ಟಿದ್ದರೆ ಬೆರಳು ಜೋಮು ಹಿಡಿದಿದೆಯೇ ಎಂದು ಆಗಾಗ ಕೇಳಬೇಕು, ಜೋಮೆಂದರೆ ನರ ಒತ್ತಿದೆಯೆಂದು ಅರ್ಥ, ಆ ಕ್ಷಣವೇ ಬಿಚ್ಚಬೇಕು; ಬಿಚ್ಚಲಾಗದಿದ್ದರೆ ಕತ್ತರಿಸಲು ಕತ್ತರಿ ಕೈಗೆಟಕುವಂತಿರಬೇಕು. ಕುತ್ತಿಗೆಗೆ ಕೈಹಾಕುವಂತಿಲ್ಲ, ಕುತ್ತಿಗೆ ಒತ್ತುವುದಕ್ಕೆ ಸುರಕ್ಷಿತ ವಿಧಾನವೆಂಬುದೇ ಇಲ್ಲ, ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ. ಅವಳ ಸಂಬಳ, ಫೋನು, ತವರು, ಗೆಳತಿಯರು, ಡಾಕ್ಟರು ಅವನ ಒಡೆತನದ ಹೊರಗಿರಬೇಕು. ಇವು ಒಳಗೆ ಸೇರಿದ ದಿನ ಹೊರಡುವ ದಾರಿ ಮುಚ್ಚುತ್ತದೆ. ಎಲ್ಲ ಮುಗಿದ ಮೇಲೆ ಪಕ್ಕದಲ್ಲಿ ಕೂತು, ನೀರು ಕೊಟ್ಟು, ಹೇಗನಿಸಿತೆಂದು ಕೇಳಬೇಕು, ಕೇಳಿದ್ದಕ್ಕೆ ಬಂದ ಉತ್ತರವನ್ನು ನೆನಪಿಡಬೇಕು.

ಅವಳಿಗೆ ಕೊಟ್ಟ ಪಾಠ ಒಂದೇ. ಏನೂ ಆಗದ ಹೊತ್ತಿನಲ್ಲಿ, ಚೆನ್ನಾಗಿಯೇ ಇರುವಾಗ, ‘ಬೋರಿವಲಿ’ ಎನ್ನಬೇಕು. ಅವನು ಅಲ್ಲಿಗೇ ನಿಲ್ಲಿಸಿ, ಮುಖ ಸಿಂಡರಿಸದೆ, ಕಾರಣ ಕೇಳದೆ, ‘ಹೇಳಿದ್ದು ಒಳ್ಳೇದಾತು’ ಎನ್ನಬೇಕು. ಇದನ್ನು ರೂಢಿಯಾಗುವವರೆಗೆ ಮಾಡಬೇಕು. ಮೊದಲ ಸಲ ಹೇಳುವಾಗ ಗಂಟಲು ಒಣಗಿತೆಂದಳು. ಅವನಿಗೆ ನಿಲ್ಲಿಸುವುದಕ್ಕಿಂತ, ನಿಲ್ಲಿಸಿದ ಮೇಲೆ ಬೇಸರಪಡದಿರುವುದು ಕಷ್ಟವಾಯಿತಂತೆ. ಆ ಕಷ್ಟವೇ ಅವನ ತರಬೇತಿ. ಅವಳ ನಿದ್ದೆ ಒಂದೇ ವಾರಕ್ಕೆ ಮರಳಿತೆಂದು ನಾನು ಹೇಳಲಾರೆ, ನಿಧಾನಕ್ಕೆ ಮರಳಿತು. ನಿಯಮಗಳಲ್ಲಿ ಕೆಲವನ್ನು ಅವಳೇ ಹೊಡೆದುಹಾಕಿದಳು, ಕೆಲವನ್ನು ಉಳಿಸಿಕೊಂಡಳು.

ಬೇಡವೆನ್ನಲು ಬಾರದವರ ‘ಆಗಲಿ’ಗೆ ತೂಕವಿಲ್ಲ. ಬೇಡವೆನ್ನಬಲ್ಲವರು ಆರಿಸಿ ಹೇಳಿದ ‘ಆಗಲಿ’ಯಲ್ಲಿ ಮಾತ್ರ ದಾನದ ಗುಣವಿರುತ್ತದೆ, ಏಕೆಂದರೆ ತನ್ನದಲ್ಲದ್ದನ್ನು ಯಾರೂ ದಾನ ಮಾಡಲಾರರು. ಇಚ್ಛೆ ಮೊದಲು ತನ್ನದಾಗಬೇಕು, ಆಮೇಲೆ ಒಪ್ಪಿಸಬಹುದು. ತರಬೇತಿಯೆಂದರೆ ಇಚ್ಛೆಯನ್ನು ಮುರಿಯುವುದೆಂದು ತಿಳಿದವರು ಒಪ್ಪಿಸುವ ವಸ್ತುವನ್ನೇ ನಾಶಮಾಡುತ್ತಾರೆ. ನನ್ನೂರಿನ ಸಂಗೀತ ಗುರು ಸವಾಯಿ ಗಂಧರ್ವರ ಮನೆಯಲ್ಲಿ ಹುಡುಗ ಭೀಮಸೇನ ಜೋಶಿ ಕೊಡ ಹೊತ್ತು ನೀರು ತಂದರೆಂಬುದು ಎಲ್ಲರಿಗೂ ಗೊತ್ತು. ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ ಪಾಠಕ್ಕಾಗಿ ರೈಲಿನಲ್ಲಿ ಕುಂದಗೋಳಕ್ಕೆ ಬಂದುಹೋಗುತ್ತಿದ್ದರು. ಆ ಗುರುವಿನ ವಿಧೇಯ ಶಿಷ್ಯರಿಬ್ಬರ ಹಾಡುಗಾರಿಕೆ ಒಂದರಂತೆ ಇನ್ನೊಂದಿಲ್ಲ, ಗುರುವಿನ ನಕಲೂ ಅಲ್ಲ. ಒಳ್ಳೆಯ ಒಡೆತನವನ್ನು ಅಳೆಯುವುದು ಹೀಗೆ: ಅಧೀನರಾಗಿದ್ದವರು ಕೆಲವು ವರ್ಷಗಳಲ್ಲಿ ಇನ್ನಷ್ಟು ತಾವಾದರೋ, ಇಲ್ಲ ಸವೆದುಹೋದರೋ?

ಮುಂಬಯಿಯ ನಮ್ಮ ಕನ್ನಡ, ತುಳು ಸಂಘಗಳು ವಧೂವರ ಸಮಾವೇಶಗಳನ್ನು ಅಕ್ಕರೆಯಿಂದ ನಡೆಸುತ್ತವೆ. ಜಾತಕ, ಸಂಬಳ, ಫ್ಲ್ಯಾಟಿನ ಅಳತೆ ಎಲ್ಲ ಅಲ್ಲಿ ವಿಚಾರವಾಗುತ್ತದೆ. ಅದೇ ಸಭಾಂಗಣದಲ್ಲಿ ಒಂದು ಗಂಟೆಯನ್ನು ಇದಕ್ಕೆ ಮೀಸಲಿಡಿ ಎಂದು ಕೇಳಿಕೊಳ್ಳುತ್ತೇನೆ. ಹುಡುಗ ಹುಡುಗಿಯರಿಬ್ಬರೂ ‘ಒಲ್ಲೆ’ ಎಂದು ಗಟ್ಟಿಯಾಗಿ ಹೇಳುವುದನ್ನೂ, ಅದನ್ನು ಕೇಳಿ ಮುನಿಯದಿರುವುದನ್ನೂ ಅಲ್ಲಿಯೇ ಕಲಿಯಲಿ. ಮುಂದೆ ಅವರು ಸಮಸಮನಾಗಿ ಬಾಳಲಿ, ಒಬ್ಬರು ಆಳಿ ಒಬ್ಬರು ಒಪ್ಪಿಸಿಕೊಂಡು ಬಾಳಲಿ, ಅದು ಅವರ ಮನೆಯ ಮಾತು. ಈ ಎರಡು ಪಾಠ ಆಗದೆ ಯಾವ ಬಾಳೂ ಶುರುವಾಗಬಾರದು.